ಬಟ್ಟಲು ಕೂತಿದ್ದ ಜಾಗ

ನಮ್ಮ ಪೆತೇನ್ ಕಾಡಲ್ಲಿ ಗುಡ್ಡ ಕಂಡರೆ ಅನುಮಾನ:
ಒಳಗೆ ಮೆಟ್ಟಿಲು, ಬೇರು ಹೊದ್ದು ಮಲಗಿರುತ್ತವೆ.
ನನ್ನ ಕೆಲಸ ಅಂಚಿನಲ್ಲಿ, ತಗಡಿನ ಮಾಡಿನಡಿ.
ಎರಡು ಬಕೆಟ್ ನೀರು, ಹಲ್ಲುಜ್ಜುವ ಬ್ರಷ್ಷು.
ಗುಂಡಿಯಿಂದ ಬಂದ ಬೋಕಿಗಳ ಮೈ ತೊಳೆದು
ಬಿಸಿಲಿಗೆ ಹರವಿ, ಒಣಗಿದ ಮೇಲೆ
ಇರುವೆಗಿಂತ ಸಣ್ಣ ಅಕ್ಷರದಲ್ಲಿ ನಂಬರು ಬರೆಯುವುದು.
ಸಾವಿರದ ಇನ್ನೂರು ವರ್ಷದ ಹಿಂದೆ
ಯಾವಳೋ ಕೈಜಾರಿ ಒಡೆದದ್ದು.
ಅತ್ತೆಯಿಂದ ಬೈಸಿಕೊಂಡಳೋ ಏನೋ.

ಅಪ್ಪ, ಸಿಪ್ರಿಯಾನೋ ತ್ಸಿಬ್, ಕರಣೆ ಹಿಡಿದವನು.
ಕೆನೆ ತೆಗೆದಂತೆ ಮಣ್ಣು ತೆಗೆಯುತ್ತಾನೆ,
ಬಣ್ಣ ಎಲ್ಲಿ ಬದಲಾಯಿತೋ ಅಲ್ಲಿ ನಿಲ್ಲುತ್ತಾನೆ.
ಇವನ ಬೆರಳಿಗೆ ಕಣ್ಣಿದೆ ಅನ್ನುತ್ತಾರೆ
ರಾಜಧಾನಿಯಿಂದ ಬಂದ ಪ್ರೊಫೆಸರ್ ರೆನಾತಾ.
ಎಲ್ಲಿ ಕಲಿತೆ ಅಂತ ಕೇಳಿಲ್ಲ.

ಮಂಗಳವಾರ ಏಳನೇ ದಿಬ್ಬದೊಳಗೆ
ಕಳ್ಳರು ಕೊರೆದ ಹಳೇ ಸುರಂಗ ಸಿಕ್ಕಿತು.
ತಲೆ ಬಗ್ಗಿಸಿ ನುಗ್ಗುವಷ್ಟು. ಗೋಡೆ ತುಂಬ ಪಿಕಾಸಿಯ ಏಟು,
ಎಲ್ಲವೂ ಎಡಗೈಯವು.
ಅವತ್ತು ನನ್ನ ಮೇಜಿಗೆ ಬಂದದ್ದು
ತುಕ್ಕು ತಿಂದ ಸಾರ್ಡೀನ್ ಡಬ್ಬಿ,
ಎರಡು ಸತ್ತ ಬ್ಯಾಟರಿ, ರಬ್ಬರ್ ಬೂಟಿನ ಹಿಮ್ಮಡಿ.
ಇದನ್ನೂ ಬರೆ ಅಂದರು ಪ್ರೊಫೆಸರ್:
'ಮೊದಲ ಪದರ. ಇತ್ತೀಚಿನದು.'
ಬರೆದೆ.
ಅಪ್ಪ ಎಡಗೈಯಲ್ಲಿ ಹ್ಯಾಟು ತೆಗೆದು
ಬೆವರಿಲ್ಲದ ಹಣೆ ಒರೆಸಿಕೊಂಡ.

ಆ ರಾತ್ರಿ ಕಾಳಿಗೆ ಉಪ್ಪು ಮರೆತಿದ್ದೆ,
ಸುಮ್ಮನೆ ಉಂಡ. ಬಹಳ ಹೊತ್ತಿನ ಮೇಲೆ
ಒಲೆಯ ಕಡೆ ತಿರುಗಿ ಹೇಳಿದ:
'ಚಿಕ್ಲೆ ಅಂಟಿನ ಬೆಲೆ ಬಿದ್ದ ವರ್ಷ, ಡೆಲ್ಫಿನಾ.
ನಿಮ್ಮಮ್ಮನ ಹೊಟ್ಟೆಯಲ್ಲಿ ನೀನು ಅಡ್ಡ ಮಲಗಿದ್ದೆ.
ಫ್ಲೋರೆಸ್‌ವರೆಗೆ ಟ್ರಕ್ಕು, ಅಲ್ಲಿ ಕೊಯ್ಯುವ ಡಾಕ್ಟರು.
ಒಂದೇ ಬಟ್ಟಲು ತೆಗೆದೆ. ಒಳಗೆ ಕೊಕ್ಕರೆ,
ಕೊಕ್ಕಲ್ಲಿ ಮೀನು. ಮೀನು ಇನ್ನೂ ಒದ್ದಾಡುತ್ತಿತ್ತು.'

ಎಷ್ಟಕ್ಕೆ ಕೊಟ್ಟೆ, ಅಪ್ಪ?

'ನಿನ್ನಷ್ಟಕ್ಕೆ.'

ಬೆಳಿಗ್ಗೆ ಸುರಂಗದ ಕೊನೆಗೆ ದೀಪ ಹಿಡಿದಾಗ
ಗಾರೆಯ ನೆಲದ ಮೇಲೆ ಕೆಂಪು ಪುಡಿ,
ಸತ್ತವರಿಗೆಂದು ಯಾರೋ ಕೈತುಂಬ ಎರಚಿದ್ದು;
ಕೆಂಪಿನ ನಡುವೆ ಗುಂಡಗೆ ಒಂದು ಬಿಳಿ.
'ಏನೋ ಇತ್ತಿಲ್ಲಿ' ಎಂದರು ಪ್ರೊಫೆಸರ್,
ಜೇಬಲ್ಲಿ ಅಳತೆಪಟ್ಟಿ ತಡಕುತ್ತ.
ಅಪ್ಪ ಮಂಡಿಯೂರಿದ.
ಎರಡೂ ಕೈ ಸೇರಿಸಿ ಬೊಗಸೆ ಮಾಡಿ
ಮುಟ್ಟಿಯೂ ಮುಟ್ಟದ ಹಾಗೆ
ಬಿಳಿಯ ಮೇಲೆ ಇಟ್ಟ.
ಕೂದಲೆಳೆ ಹೆಚ್ಚುಕಮ್ಮಿ ಇಲ್ಲ.

ದಿಬ್ಬದ ಮೇಲೆ ಕೂಗುಕೋತಿಗಳು
ಯಾರದೋ ಆಸ್ತಿಗೆ ಜಗಳವಾಡುತ್ತಿದ್ದವು.
ಪ್ರೊಫೆಸರ್ ಅವನ ಕೈ ನೋಡಿದರು. ಗೋಡೆಯ ಏಟು ನೋಡಿದರು.
ಸೈಟಿನ ಪುಸ್ತಕದಲ್ಲಿ ಹೊಸ ಹಾಳೆ ತಿರುವಿ
ಪೆನ್ಸಿಲನ್ನು
ಅವನ ಎಡಗಡೆಗೆ ಚಾಚಿದರು.

ಹೆಸರು ಬರೆಯಲು ಬಾರದವನು ಕೊಕ್ಕರೆ ಬರೆದ.
ಕತ್ತು, ಒಂಟಿ ಕಾಲು, ರೆಕ್ಕೆಯ ಎರಡು ಗೀರು.
ಮೀನಿನ ಹತ್ತಿರ ಕೈ ನಿಂತಿತು,
ನಡುಗಿತು, ಹಾಗೆಯೇ ಬರೆಯಿತು.

ಆ ಹಾಳೆ ನನ್ನ ಮೇಜಿನ ಮೇಲಿದೆ.
ಗಾಳಿಗೆ ಹಾರದಂತೆ ಒಂದು ಬೋಕಿ ಇಟ್ಟಿದ್ದೇನೆ.
ನಂಬರು ಇನ್ನೂ ಹಾಕಿಲ್ಲ.