ನೂರಾ ಹನ್ನೆರಡು

ಚಿಂತಾಮಣಿ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ಕಿವಿಯಲ್ಲೇ ಬದುಕಿದೆ.
ನಲವತ್ತೇಳು ಕಡ್ಲೆಕಾಯಿ ಮಿಲ್ಲು, ಅರವತ್ತು ಪೊಲೀಸು,
ನೂರಾ ಹನ್ನೆರಡು ಬೀಜದಂಗಡಿ,
ಮೊದಲು ಕೆಮ್ಮಿ ಆಮೇಲೆ ಹಲೋ ಅನ್ನುವವರು.
ಯಾರ ಮುಖವನ್ನೂ ನೋಡಿದವಳಲ್ಲ.

ಈಗ ಬರೀ ಮುಖಗಳು.
ಚೇಳೂರು ರಸ್ತೆಯ ರೀಚಾರ್ಜ್ ಅಂಗಡಿ ಶಬ್ರೀನ್
ನನ್ನ ಬೆರಳು ಹಿಡಿದು ಹೇಳುತ್ತಾಳೆ:
"ಒತ್ತಬೇಡಿ ಆಂಟಿ, ಮುಟ್ಟಿದ್ರೆ ಸಾಕು."
ಪ್ಲಗ್ಗು ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳಿಗೆ
ಬರೀ ಮುಟ್ಟುವುದು ಮರೆತೇಹೋಗಿದೆ.

ಮೊನ್ನೆ ಯಾರದೋ ತಿಥಿಯ ಸುದ್ದಿಗೆ
ನಗುವ ಮುಖ ಅಂಟಿಸಿಬಿಟ್ಟೆ.
ರಾತ್ರಿ ಅನ್ನ ಸೇರಲಿಲ್ಲ.
ಅಳಿಸಲೂ ಬರುತ್ತಂತೆ, ಬೆಳಿಗ್ಗೆ ಗೊತ್ತಾಯಿತು.
ನಮ್ಮ ಕಾಲದಲ್ಲಿ ತಪ್ಪು ಲೈನಿಗೆ
"ಸಾರಿ ಸಾರ್" ಒಂದೇ ಇತ್ತು.

ಸ್ನೇಹ ಕೇಳಿ ಬಂದವರ ಸಾಲಿನಲ್ಲಿ
ಎನ್. ಪಟ್ಟಾಭಿರಾಮ ಶೆಟ್ಟಿ,
ಬೋಳುತಲೆ, ಪಕ್ಕದಲ್ಲಿ ದಾಸವಾಳದ ಕುಂಡ.
"ಗೊತ್ತಿಲ್ದೋರನ್ನ ಬಿಟ್ಬಿಡಿ" ಅಂದಳು.
ಬಿಟ್ಟಿದ್ದೆ.

ಇವತ್ತು ವಾಕಿಂಗ್ ಗುಂಪಿನಲ್ಲಿ ಒಂದು ಧ್ವನಿ,
ಅವರೆಕಾಳು ಯಾವಾಗ ಬಿತ್ತಬೇಕು ಅಂತ.
ಅದಕ್ಕೂ ಮೊದಲು
ಒಂದು ಕೆಮ್ಮು.

ಕನ್ನಡಕ ಹುಡುಕಿ ನೋಡಿದರೆ
ಹೆಸರಿನ ಪಕ್ಕ ಅದೇ ದಾಸವಾಳ.
ಓಹ್, ಇವರು ಇಷ್ಟು ಗಿಡ್ಡವೇ?

ಒತ್ತಲಿಲ್ಲ ಶಬ್ರೀನ್, ಮುಟ್ಟಿದೆ ಅಷ್ಟೆ.
ಲೈನು ಕೊಟ್ಟಿದ್ದೀನಿ ಸಾರ್,
ಮಾತಾಡಿ.