ಐಸು ಇಲ್ಲದ ಎರಡು ತಿಂಗಳು

ಉಡುಪಿಯ ಕೌಟುಂಬಿಕ ನ್ಯಾಯಾಲಯದಲ್ಲಿ
ನಾನು ಬೆರಳಚ್ಚುಗಾರ್ತಿ. ಹೇಳಿದ್ದನ್ನು ಹೊಡೆಯುವುದು ನನ್ನ ಕೆಲಸ.
ಹೇಳದ್ದನ್ನು ಹೊಡೆಯದೆ ಇರುವುದು
ಅದರ ಕಷ್ಟದ ಭಾಗ.

ಮಲ್ಪೆಯ ಕೇಸುಗಳು ಜೂನಿನಲ್ಲಿ ಎದ್ದು ಕೂರುತ್ತವೆ,
ಬೋಟು ದಕ್ಕೆಗೆ ಕಟ್ಟಿದ ಮೇಲಷ್ಟೇ
ವಾಯಿದೆಗೆ ಕಾಲು ಬರುವುದು.
ಪುರಂದರ ತಿಂಗಳಾಯ ಬಂದ ದಿನ
ಅವನ ಅಂಗಿಯಿಂದ ಡೀಸೆಲ್ ವಾಸನೆ ಇನ್ನೂ ಇಳಿದಿರಲಿಲ್ಲ.
ಕೈಯಲ್ಲಿ ರಬ್ಬರ್ ಬ್ಯಾಂಡು ಬಿಗಿದ ಐಸ್ ಬಿಲ್ಲುಗಳ ಕಟ್ಟು.
ಒಂದೊಂದು ಬಿಲ್ಲೂ ಹತ್ತು ರಾತ್ರಿ
ಅವನು ಮನೆಯಲ್ಲಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ.

'ಇಷ್ಟು ಐಸು ತುಂಬಿಕೊಂಡು ಹೊರಟವನು, ಮಹಾಸ್ವಾಮಿ,
ದಡ ಕಾಣುವುದು ಐಸು ಕರಗಿದ ಮೇಲೆ.
ಈ ಮಗು ನನ್ನ ಕಕ್ಷಿದಾರನದ್ದಲ್ಲ.
ಡಿಎನ್ಎ ಪರೀಕ್ಷೆಗೆ ಅಪ್ಪಣೆಯಾಗಲಿ.'
ಹೊಡೆದೆ.

ಡಿಕ್ರಿಯಾಗಿ ಇನ್ನೂರ ನಲವತ್ತೊಂದನೇ ದಿನ ಹುಟ್ಟಿದವಳು.
ಕಾನೂನು ಕೊಟ್ಟ ಗಡುವು ಇನ್ನೂರ ಎಂಬತ್ತು.
ಉಳಿದ ಆ ಮೂವತ್ತೊಂಬತ್ತು ದಿನಗಳ ಅಂಚಿನ ಮೇಲೆ
ಕಾಲು ಇಳಿಬಿಟ್ಟು ಕೂತಿದ್ದಾಳೆ ಹುಡುಗಿ,
ಎರಡನೇ ಕ್ಲಾಸು, ಮುಂದಿನ ಹಲ್ಲೊಂದಿಲ್ಲ,
ವರಾಂಡದ ಬೆಂಚಿನಲ್ಲಿ, ಹಳೇ ವಕಾಲತ್ತಿನ ಬೆನ್ನಿಗೆ
ಬಾಲವಿರುವ ಎಂತದೋ ಬಿಡಿಸುತ್ತ.

ಅಜ್ಜಿ ಅಕ್ಕು ಕಟಕಟೆಗೆ ಬಂದಳು.
ಕೋರ್ಟು ಜುಲೈ ಎಂದರೆ ಅವಳು ಕಾರ್ತೆಲ್ ಎನ್ನುವಳು,
ನಡುವೆ ನಾನು ಬೆರಳಲ್ಲೇ ಲೆಕ್ಕ ಹಾಕಬೇಕು.
'ಕಾರ್ತೆಲ್‌ನಲ್ಲಿ ಬಂದಿದ್ದ. ಎರಡು ಸಲ.
ಒಣ ಸಿಗಡಿ ಚಟ್ನಿಯಲ್ಲಿ ಗಂಜಿ ಉಂಡ. ಮಳೆ ಬಿಡಲಿಲ್ಲ, ನಿಂತ.'
'ಕಡಲಿಗೆ ಹೋಗಿದ್ದನಂತಲ್ಲ?'
'ಕಾರ್ತೆಲ್‌ನಲ್ಲಿ ಯಾವ ಕಡಲು, ಮಾರಾಯ್ರೆ?'

ಕಟ್ಟು ಬಿಚ್ಚಿ ಹುಡುಕಿದರು.
ಆಗಸ್ಟಿನಿಂದ ಮೇವರೆಗೆ ಐಸೋ ಐಸು.
ಜೂನ್, ಜುಲೈ: ಒಂದು ಹರಳೂ ಇಲ್ಲ.
ರತ್ನಾಗಿರಿಗೆ ಬಲೆ ಹೊಲಿಯಲು ಹೋಗಿದ್ದನಂತೆ.
ಬಲೆಗೆ ಬಿಲ್ಲಿರಲಿಲ್ಲ.

'ಮಗುವಿನ ಹೆಸರು ಹನ್ಸಿಕಾ ಮೆಂಡನ್. ತಿಂಗಳಾಯ ಯಾಕಲ್ಲ?'
ವಕೀಲರಿಗೆ ಒಂದು ಎಳೆ ಸಿಕ್ಕಿತ್ತು.
'ಬಳಿ ಹೊಟ್ಟೆಯಿಂದ ಬರುದು.
ಇವನಿಗೆ ತಿಂಗಳಾಯ ಯಾರು ಕೊಟ್ಟದ್ದು ಕೇಳಿ.'
ನ್ಯಾಯಾಧೀಶರು ನಕ್ಕರೋ ಕೆಮ್ಮಿದರೋ,
ಅದನ್ನು ಹೊಡೆಯಲಿಲ್ಲ.
ಹುಡುಗಿಯ ತಾಯಿ ಹೇಮಲತಾ ಇಡೀ ದಿನ
ಬ್ಯಾಗಿನ ಜಿಪ್ಪು ಎಳೆದಳು, ಬಿಟ್ಟಳು, ಎಳೆದಳು.

ಊಟದ ಬಿಡುವಿನಲ್ಲಿ ಹುಡುಗಿ ನನ್ನ ಮೇಜಿಗೆ ಬಂದು,
'ಆಂಟಿ, ಅಲ್ಲ ಅಂತ ಆದ್ರೆ,
ಅಮ್ಮನ ಮೊಬೈಲಲ್ಲಿ ಪಪ್ಪ ಅಂತ ಉಂಟಲ್ಲ,
ಅದು ತೆಗಿಲಿಕ್ಕುಂಟಾ?
ಮತ್ತೆ ಎಂತ ಅಂತ ಹಾಕುದು?'
ಡ್ರಾಯರಿನಲ್ಲಿ ಪೆಪ್ಪರ್‌ಮಿಂಟು ಹುಡುಕಿದಂತೆ ಮಾಡಿದೆ.
ಗುಂಡುಪಿನ್ನುಗಳು ಮಾತ್ರ ಇದ್ದವು.

ಆದೇಶ ಹನ್ನೊಂದು ಪುಟ.
ಅಪ್ರಾಪ್ತೆ ಈ ಜಗಳದ ಕಕ್ಷಿಯಲ್ಲ,
ಅವಳ ರಕ್ತ ಯಾರ ಸಿಟ್ಟಿಗೂ ದಾಖಲೆಯಲ್ಲ. ಅರ್ಜಿ ವಜಾ.
ತಿಂಗಳಿಗೆ ಐದೂವರೆ ಸಾವಿರ, ಹತ್ತನೇ ತಾರೀಕಿನೊಳಗೆ,
ಬೋಟು ನಿಂತ ತಿಂಗಳಲ್ಲೂ.
ನಿಜ ಏನೆಂದು ಹನ್ನೊಂದರಲ್ಲಿ ಯಾವ ಪುಟವೂ ಹೇಳುವುದಿಲ್ಲ.
ಹೇಳಬೇಕಾಗಿಲ್ಲ ಎನ್ನಲಿಕ್ಕೇ
ಒಂಬತ್ತು ಪುಟ ಬೇಕಾಯಿತು.

ಸಂಜೆ ಅವನು ಕಿಟಕಿಗೆ ಬಂದ. ಐಸ್ ಬಿಲ್ಲು ವಾಪಸು ಬೇಕಂತೆ,
ಪಾಲುದಾರನಿಗೆ ಲೆಕ್ಕ ಒಪ್ಪಿಸಲಿಕ್ಕುಂಟಂತೆ.
ಗುರುತು ಹಾಕಿದ ದಾಖಲೆ,
ಅಪೀಲಿನ ಅವಧಿ ಮುಗಿಯದೆ ಕೊಡುವಂತಿಲ್ಲ, ಅಂದೆ.
ಆಗಲಿ ಎಂದವನು ಹೋಗಲಿಲ್ಲ.
ಕಿಟಕಿಯ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ ನಿಂತ.

'ಆ ಹಲ್ಲು,' ಅಂದ. 'ಬಿದ್ದದ್ದಾ?
ಅಲ್ಲ, ಶಾಲೆಯಲ್ಲಿ ಯಾರಾದ್ರೂ ದೂಡಿ ಹಾಕಿದ್ದಾ?'

'ಬಿದ್ದದ್ದು,' ಅಂದೆ.

'ಹಾಗಾದ್ರೆ ಬರ್ತದೆ.'

ಮಲ್ಪೆ ಬಸ್ಸು ಬಂತು.
ಹತ್ತಲಿಲ್ಲ. ಇನ್ನೊಂದು ಬಂತು.