ಕೆಮ್ಮ

ತಹಶೀಲ ಕಚೇರಿ ಮುಂದ, ಬೇವಿನ ಗಿಡದ ಬುಡಕ
ನನ್ನ ಟೇಬಲ್ಲು, ಒಂದು ಕುರ್ಚಿ, ಇನ್ನೊಂದು ಅರ್ಧ ಕುರ್ಚಿ.
ಪಹಣಿ, ಪಿಂಚಣಿ, ಹೆಸರು ತಿದ್ದುಪಡಿ, ಬರೆದು ಬರೆದು
ಬೆರಳಿಗೆ ಗಂಟು ಬಿದ್ದದ.
ಆದರ ಇಂಥಾ ಅರ್ಜಿ
ಯಾದಗಿರಿಯಾಗ ಯಾರೂ ಬರೆಸಿದ್ದಿಲ್ಲ.

ಹುಸೇನಪ್ಪ ಕಿಸೆಯಿಂದ ತೆಗೆದು ಇಟ್ಟ:
ಬೆರಳುದ್ದ ಸ್ಟೀಲಿನ ತುಂಡು, ಒಂದು ಕಡೆ ಸೊಟ್ಟ,
ಬಾಲಕ್ಕ ಗಾಳ, ಗಾಳಕ್ಕ ಕೆಂಪು ಉಲ್ಲನ್ ದಾರ.
"ಎರಿಹುಳ ಬ್ಯಾಡ, ಹಿಟ್ಟು ಬ್ಯಾಡ. ನೀರಾಗ ಎಳದರ
ಮರಿಮೀನಿನಂಗ ಒದ್ದಾಡತದ.
ಕೊರಮೀನು ಸಿಟ್ಟಿಗೆದ್ದು ಬಂದು ಕಚ್ಚತದ.
ಇದಕ್ಕೊಂದು ಪೇಟೆಂಟ್ ಬರೀರಿ."

ಹೆಂಡತಿ ತವರಿನ ಆಯೇರಿ ಸೌಟಿನ ಹಿಡಿಕಿ ಅದು.
ಮ್ಯಾಲ ಅತ್ತಿ ಹೆಸರು ಕೆತ್ತಿತ್ತು, ದೇವಕೆಮ್ಮ.
ನಡುವ ಕೊಯ್ದ. ಎರಡು ತುಂಡು.
'ದೇವ' ಮೊದಲ ವಾರದಾಗೇ ಹೋದ,
ಭೀಮಾ ಬ್ರಿಡ್ಜಿನ ಮೂರನೇ ಕಂಬದ ಬುಡಕ್ಕ ಸಿಕ್ಕು.
ಉಳಿದದ್ದು 'ಕೆಮ್ಮ'.
ಹೊಳಿದಂಡಿ ಹುಡುಗರು ಕೇಳತಾರ,
"ಮಾವಾ, ಇವತ್ತ ಕೆಮ್ಮು ತಂದೀಯೇನು?"

ಕಲಬುರಗಿ ವಕೀಲರಿಗೆ ಫೋನ್ ಹಚ್ಚಿದೆ.
ಮೊದಲ ಮಾತೇ: "ಇದನ್ನ ಯಾರಾರ ನೋಡ್ಯಾರೇನು?"
ಹುಸೇನಪ್ಪ ನಕ್ಕ. ಬಸ್ಸು ನಿಂದ್ರಿಸಿ ನೋಡ್ಯಾರ.
ಎಂಟು ಹುಡುಗರು ಮನಿ ಚಮಚ ಕದ್ದು ಕೊಯ್ದಾರ,
ಇಬ್ಬರಿಗೆ ಏಟೂ ಬಿದ್ದಾವ.
ಎಲ್ಲಾರಿಗಿಂತ ಮೊದಲು ನೋಡಿದ್ದು ಮೀನು,
ಅದು ಸಾಕ್ಷಿ ಹೇಳೋ ಸ್ಥಿತಿಯಾಗ ಇದ್ದಿಲ್ಲ.

"ಚಮಚಕ್ಕ ಗಾಳ ಕಟ್ಟೋದು ಹಳೇ ಮಾತು," ಅಂದರು ವಕೀಲರು,
"ಹೊಸಾದು ಇದ್ದರ ಆ ಸೊಟ್ಟು. ಎಷ್ಟು ಡಿಗ್ರಿ?"
ಮಗಳ ಕಂಪಾಸ್ ಪೆಟ್ಟಿಗಿ ತಂದು ಅಳೆದೆವು.
ಒಂದು ಸಲ ಮೂವತ್ತು, ಒಂದು ಸಲ ನಲವತ್ತು.
"ಒರಳಿನ ತಗ್ಗಿನಾಗ ಇಟ್ಟು ಬಡೀತೀನ್ರಿ.
ಒರಳು ಹೇಳಿದಷ್ಟು."
ಒರಳೂ ದೇವಕೆಮ್ಮನ ಮನಿದೇ.

ಖರ್ಚು ಅವರು ರೂಪಾಯಿಯಾಗ ಹೇಳಿದರು,
ಹುಸೇನಪ್ಪ ಮೀನಿನಾಗ ಲೆಕ್ಕ ಹಾಕಿದ:
ಎರಡು ಮಳೆಗಾಲದ ಕೊರಮೀನು,
ಒಂದೂ ತಿನ್ನದ, ಒಂದೂ ಪುಕ್ಕಟೆ ಕೊಡದ.
ಸಿಕ್ಕರ ಇಪ್ಪತ್ತು ವರ್ಷ ಸ್ವಂತದ್ದು.
"ಕಲ್ಲಿಗೆ ಸಿಕ್ಕರ ಇಪ್ಪತ್ತು ದಿನಾನೂ ಬಾಳಂಗಿಲ್ರಿ.
ಆ ಹುಡುಗರ ಮ್ಯಾಲ ಕೇಸು ಹಾಕಬೇಕೇನು?"
"ಹಾಕಬಹುದು."
"ಅದರಾಗ ಇಬ್ಬರು ನನ್ನ ತಂಗಿ ಮಕ್ಕಳು."

ಆದರೂ ಏಳಲಿಲ್ಲ. ಹಾಳಿ ನೋಡಕೋತ ಕುಂತ.
"ಕಂಡು ಹಿಡಿದವನ ಹೆಸರು ಅಂತ ಅದಲ್ಲ,
ಅದೊಂದು ಬರೆದು ತೋರಿಸ್ರಿ."
ಚಂದ ಅಕ್ಷರದಾಗ ಬರೆದೆ:
ಹುಸೇನಪ್ಪ, ತಂದೆ ಸಾಬಣ್ಣ.
ಬೆರಳು ತಾಗಿಸದ ಓದಿದ, ಎರಡು ಸಲ.
ಆಮ್ಯಾಲ ಕೇಳಿದ, "ಅತ್ತಿ ಹೆಸರು ಎಲ್ಲಿ ಬರೀತಾರ?"
ಆ ಫಾರ್ಮಿನಾಗ ಅತ್ತಿಗೆ ಜಾಗ ಇದ್ದಿಲ್ಲ.

ಬರವಣಿಗಿ ಕೂಲಿ ಐವತ್ತು. ರೊಕ್ಕ ಇಲ್ಲಂತ
ಒಂದು ಹೊಸ ಗಾಳ ಕೊಟ್ಟ, ಹೆಸರಿಲ್ಲದ್ದು.
ನಾ ಮೀನು ಹಿಡಿಯೋನಲ್ಲ. ಬೇವಿನ ಟೊಂಗಿಗೆ ಕಟ್ಟೀನಿ.
ಗಾಳಿಗೆ ತಿರುಗತದ, ಹೊಳೀತದ,
ಪಹಣಿಗೆ ಬಂದವರು ಪಾಳಿ ಮರೆತು
ಅದನ್ನೇ ನೋಡತಾರ.
ನಿನ್ನೆ ಒಬ್ಬಾತ ಮುಟ್ಟಿ ಬೆರಳು ಚುಚ್ಚಿಕೊಂಡ.